ಮುಖದ ಮುಂದೆ ನಿಂತ ಕಾಲು

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರ ಆಫೀಸಿನಲ್ಲಿ ಕೆಲಸ ಮಾಡುವ ಅಂಜಲಿಗೆ ಕರಾಟೆ ಬರುತ್ತದೆ ಎಂಬುದು ಹಮಾಲರಿಂದ ಹಿಡಿದು ಮಾಲೀಕ ಬಾಳಕೃಷ್ಣರವರೆಗೆ ಎಲ್ಲರಿಗೂ ಗೊತ್ತಿತ್ತು. ಅವಳದು ಬ್ಲ್ಯಾಕ್ ಬೆಲ್ಟ್. ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಓದುವಾಗಲೇ ಕಿರಣಕುಮಾರ ಸರ್ ಅವರ ಕ್ಲಾಸಿಗೆ ಸೇರಿದವಳು, ಡಿಗ್ರಿ ಮುಗಿದು ನೌಕರಿ ಸಿಕ್ಕಮೇಲೂ ಬಿಟ್ಟಿರಲಿಲ್ಲ. ರಾಜ್ಯಮಟ್ಟದ ಪಂದ್ಯದಲ್ಲಿ ಬೆಳ್ಳಿ ಪದಕ ತಂದಾಗ ಪೇಪರಿನಲ್ಲಿ ಫೋಟೋ ಬಂದಿತ್ತು. ಅವ್ವ ಹೊಳಿಯವ್ವ ಬೀಜದ ಕಂಪನಿಯಲ್ಲಿ ಕಾಳು ಆರಿಸುವ ಕೆಲಸಕ್ಕೆ ಹೋಗುವಾಗ ಆ ಪೇಪರನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ, ಸಾಲಾಗಿ ಕೂತ ಹೆಂಗಸರಿಗೆಲ್ಲ ತೋರಿಸಿ ಬಂದಿದ್ದಳು.

ಹೀಗಾಗಿ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ದಿನವೂ ಒಬ್ಬಳೇ ಬಸ್ಸಿನಲ್ಲಿ ಓಡಾಡುವುದರ ಬಗ್ಗೆ ಮನೆಯಲ್ಲಿ ಯಾರೂ ಚಿಂತೆ ಮಾಡಿರಲಿಲ್ಲ. ಅಂಜಲಿಯೂ ಮಾಡಿರಲಿಲ್ಲ.

ಸಿದ್ದೇಶ ಎಂಬವನು ಒಂದು ದಲ್ಲಾಲಿ ಅಂಗಡಿಯ ಮಾಲೀಕನ ಅಕ್ಕನ ಮಗ. ಮಾಲು ಇಡಲು, ತೆಗೆಯಲು ಸೀಜನ್ನಿನಲ್ಲಿ ದಿನಾ ಕೋಲ್ಡ್ ಸ್ಟೋರೇಜಿಗೆ ಬರುತ್ತಿದ್ದ. ಮೊದಲು ಗೇಟ್ ಪಾಸಿನ ನೆಪದಲ್ಲಿ ಅಂಜಲಿಯ ಟೇಬಲ್ಲಿನ ಮುಂದೆ ಕೆಲಸಕ್ಕಿಂತ ಹೆಚ್ಚು ಹೊತ್ತು ನಿಂತ. ಆಮೇಲೆ ಫೋನ್ ನಂಬರು ಕೇಳಿದ. ಅವಳು ಆಫೀಸಿನ ನಂಬರು ಕೊಟ್ಟಳು. ಆಮೇಲೆ ಸಂಜೆ ಅವಳು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಬೈಕನ್ನು ನಿಧಾನಕ್ಕೆ ಅವಳ ಪಕ್ಕದಲ್ಲೇ ಓಡಿಸತೊಡಗಿದ. ‘ಕರಾಟೆ, ಕರಾಟೆ’ ಎಂದು ಕರೆಯುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ. ಮೈಮೇಲೆ ಕೈ ಹಾಕಿದ ದಿನ ತೋರಿಸಿದರಾಯಿತು ಎಂದು ಒಳಗೊಳಗೇ ಅಂದುಕೊಂಡಿದ್ದಳು. ಖರೇ ಹೇಳಬೇಕೆಂದರೆ ಅಂಥ ದಿನ ಬಂದರೆ ಬರಲಿ ಎಂಬ ಸಣ್ಣ ಆಸೆಯೂ ಅವಳಿಗಿತ್ತು.

ಆ ದಿನ ಬಂತು. ಫೆಬ್ರುವರಿಯ ಒಂದು ಸಂಜೆ, ಮಾರುಕಟ್ಟೆ ತುಂಬಿ ತುಳುಕುವ ಕಾಲ. ಕೋಲ್ಡ್ ಸ್ಟೋರೇಜಿನ ಉದ್ದನೆಯ ಕಂಪೌಂಡ್ ಗೋಡೆಯ ಪಕ್ಕದಲ್ಲಿ ಸಿದ್ದೇಶ ಬೈಕನ್ನು ಅಡ್ಡ ನಿಲ್ಲಿಸಿ, ಅವಳ ಎಡಗೈ ಮಣಿಕಟ್ಟು ಹಿಡಿದ.

“ಎಷ್ಟ್ ದಿನಾ ಸೊಕ್ಕು ಮಾಡ್ತೀದಿ? ಹತ್ತು, ರಾಣೆಬೆನ್ನೂರಿಗೆ ನಾನ ಬಿಟ್ಟ್ ಬರ್ತೇನಿ.”

ಅಂಜಲಿ ಕೈ ಕಿತ್ತುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಬೆಳ್ಳಿ ಪದಕ ತಂದುಕೊಟ್ಟ ಅದೇ ಒದೆತ, ಸೊಂಟ ತಿರುಗಿಸಿ ಬಲಗಾಲನ್ನು ಮೇಲಕ್ಕೆ ಬೀಸುವ ಒದೆತ, ತಾನಾಗಿ ಎದ್ದುಬಂತು. ಚೂಡಿದಾರದ ಬಟ್ಟೆ ಪಟಪಟ ಎಂದಿತು. ಸಿದ್ದೇಶನ ಕಣ್ಣು ಅಗಲವಾದವು. ಕಾಲು ನೇರ ಅವನ ಕೆನ್ನೆಯತ್ತ ಹೋಯಿತು. ಹೋಗಿ, ಕೆನ್ನೆಗೆ ಎರಡು ಬೆರಳು ಬಾಕಿ ಇರುವಾಗ ನಿಂತುಬಿಟ್ಟಿತು.

ಅವಳು ನಿಲ್ಲಿಸಿದ್ದಲ್ಲ. ಅದೇ ನಿಂತಿತು. ಪಂದ್ಯದಲ್ಲಿ ಮುಖಕ್ಕೆ ತಾಗಿಸಿದರೆ ಪೆನಾಲ್ಟಿ. ಹತ್ತಿರ ಒಯ್ದು ನಿಲ್ಲಿಸಿದರೆ ಪಾಯಿಂಟು. ‘ಕಂಟ್ರೋಲ್, ಅಂಜಲಿ, ಕಂಟ್ರೋಲ್’ ಎಂದು ಇಷ್ಟು ವರ್ಷ ಕಿವಿಗೆ ಬಿದ್ದದ್ದನ್ನು ಕಾಲು ಮರೆತಿರಲಿಲ್ಲ.

ಗಾಳಿಯಲ್ಲಿ ನಿಂತ ಕಾಲನ್ನು ಸಿದ್ದೇಶ ಒಂದು ಕ್ಷಣ ನೋಡಿದ. ಆಮೇಲೆ ನಕ್ಕ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ನೂಕಿದ. ಅಂಜಲಿ ಜಲ್ಲಿಕಲ್ಲಿನ ಮೇಲೆ ಬಿದ್ದಳು. ಊರಿದ ಬಲಗೈಯಲ್ಲಿ ಏನೋ ಲಟಕ್ ಎಂದಿತು. ಅಷ್ಟರಲ್ಲಿ ಚೀಲ ತುಂಬಿದ ಲಾರಿಯೊಂದು ತಿರುವಿನಲ್ಲಿ ಕಾಣಿಸಿತು. ಅವನು ಬೈಕ್ ಏರಿ, ನಗುತ್ತಲೇ ಹೋದ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಶಬನಮ್. ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿಯ ಬಣ್ಣ, ತೇವ ನೋಡಿ ದರ್ಜೆ ಹಚ್ಚುವವಳು. ಅಂಜಲಿಗಿಂತ ಹದಿನೈದು ವರ್ಷ ದೊಡ್ಡವಳು, ಗಟ್ಟಿ ಆಳು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದರು.

ಮರುದಿನ ಅಂಜಲಿ ಮಾಲೀಕರ ಮುಂದೆ ನಿಂತು ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದಳು. ಬಾಳಕೃಷ್ಣ ಕೆಟ್ಟವರೇನಲ್ಲ. ಆದರೆ ವ್ಯಾಪಾರಸ್ಥರು.

“ಕೂಡ್ರವಾ, ಕೂಡ್ರು. ನಾ ಅವನ ಮಾಮಾನ ಜೊತಿ ಮಾತಾಡೇನಿ. ಇನ್ನ ಅಂವ ಈ ಕಡೆ ಬರೂದಿಲ್ಲ. ಸೀಜನ್ ನಡದದ, ಈಗ ಸ್ಟೇಷನ್ನು ಗೀಷನ್ನು ಯಾಕ? ನಿನ್ನ ಹೆಸರೂ ನಾಲ್ಕು ಮಂದಿ ಬಾಯಾಗ ಬರ್ತದ.”

ಹೊಳಿಯವ್ವನೂ ಅದನ್ನೇ ಅಂದಳು. ಜೊತೆಗೆ ನೌಕರಿ ಬಿಡು ಎಂದಳು. ಅಂಜಲಿ ನೌಕರಿ ಬಿಡಲಿಲ್ಲ. ಕಂಪ್ಲೇಂಟೂ ಕೊಡಲಿಲ್ಲ. ಕೊಟ್ಟರೆ ಏನೆಂದು ಹೇಳುವುದು? ಬ್ಲ್ಯಾಕ್ ಬೆಲ್ಟಿನವಳು ಒದೆಯಲು ಹೋಗಿ ಬಿದ್ದೆ ಎಂದೇ? ಅವಳನ್ನು ಹೆಚ್ಚು ಸುಡುತ್ತಿದ್ದುದು ಸಿದ್ದೇಶನ ಕೈಗಿಂತ ತನ್ನ ಕಾಲು. ಬಸ್ಸಿನಲ್ಲಿ ಕೂತಾಗ, ಊಟ ಮಾಡುವಾಗ, ಎಡಗೈಯಲ್ಲಿ ತಲೆ ಬಾಚಿಕೊಳ್ಳುವಾಗ, ಅವನ ಕೆನ್ನೆಯ ಮುಂದೆ ಬೊಂಬೆಯ ಕಾಲಿನಂತೆ ನಿಂತ ಅದು ಕಣ್ಣಿಗೆ ಕಟ್ಟಿ ಹಲ್ಲು ಕಚ್ಚುವಂತಾಗುತ್ತಿತ್ತು.

ಕಿರಣಕುಮಾರ ಸರ್ ಎಲ್ಲ ಕೇಳಿ ತಲೆ ಅಲ್ಲಾಡಿಸಿದರು.

“ಡಿಸ್ಟನ್ಸ್ ತಪ್ಪೇತಿ. ಒಂದ್ ಹೆಜ್ಜಿ ಒಳಗ ಹೋಗಬೇಕಾಗಿತ್ತು.”

“ಡಿಸ್ಟನ್ಸ್ ಬರೋಬ್ಬರಿ ಇತ್ರಿ ಸರ್. ಅಷ್ಟ್ ಬರೋಬ್ಬರಿ ಇತ್ತು ಅಂತನ ಅದು ಅಲ್ಲಿ ನಿಂತದ್ದು. ನೀವು ನಂಗ ನಿಲ್ಲಸೂದು ಕಲಿಸೀರಿ. ಹೊಡಿಯೂದು ಯಾವಾಗ ಕಲಸ್ತೀರಿ?”

“ಕಂಟ್ರೋಲ್ ಇಲ್ಲದ ಹೊಡದ್ರ ಅದು ಗುದ್ದಾಟ ಆಕ್ಕೇತಿ, ಕಲೆ ಆಗಂಗಿಲ್ಲ.”

“ನಂಗ ಗುದ್ದಾಟನ ಬೇಕ್ರಿ.”

ಸರ್ ಮುಖ ಬಿಗಿಯಿತು. ಅವರ ಹಿಂದೆ ಚಿಕ್ಕಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಪ್ರತಿ ಗುದ್ದೂ ಅಂದವಾಗಿ, ಒಂದೇ ಅಳತೆಗೆ ನಿಲ್ಲುತ್ತಿತ್ತು. ಅಂಜಲಿಗೆ ಅದನ್ನು ನೋಡಲಾಗಲಿಲ್ಲ.

ಪ್ಲಾಸ್ಟರ್ ಬಿಚ್ಚಿ, ಕೈಗೆ ಸ್ವಲ್ಪ ಬಲ ಬಂದಮೇಲೆ ಅವಳು ಭಾನುವಾರಗಳಂದು ಹಾವೇರಿಗೆ ಹೋಗತೊಡಗಿದಳು. ಅಲ್ಲಿ ಅಬ್ರಾರ ಎಂಬವರು ಜೂಡೋ ಕಲಿಸುತ್ತಿದ್ದರು. ತಾಳ್ಮೆಯ ಮನುಷ್ಯ.

“ಮೊದ್ಲ ಬೀಳೂದು ಕಲೀರಿ. ನೀವು ಕೈ ಊರಿದ್ರಿ, ಅದಕ್ಕ ಮುರೀತು,” ಎಂದು ಮ್ಯಾಟಿನ ಮೇಲೆ ಹಿಂದಕ್ಕೆ, ಪಕ್ಕಕ್ಕೆ ಬೀಳಿಸಿದರು. ಬೆನ್ನು ಬಾಗಿಸಿ, ಗದ್ದ ಎದೆಗೆ ಒತ್ತಿ, ತೋಳಿನಿಂದ ನೆಲಕ್ಕೆ ಬಡಿಯುವುದು. ಅಂಜಲಿ ಬಿದ್ದಳು, ಎದ್ದಳು, ಬಿದ್ದಳು. ಆಮೇಲೆ ಎಸೆಯುವುದನ್ನು ಕಲಿಸಿದರು: ಎದುರಿನವರ ಅಂಗಿಯ ಕಾಲರು ಹಿಡಿ, ತೋಳು ಹಿಡಿ, ಜಗ್ಗು, ಸೊಂಟದ ಮೇಲಿಂದ ಹಾಯಿಸು. ದಪ್ಪ ಬಟ್ಟೆಯ ಜೂಡೋ ಅಂಗಿಯಲ್ಲಿ ಅದು ಸೊಗಸಾಗಿ ಆಗುತ್ತಿತ್ತು. ತನಗಿಂತ ತೂಕದವರನ್ನು ಎತ್ತಿ ಎಸೆದ ದಿನ ಅಂಜಲಿಗೆ ಬಹಳ ದಿನಗಳ ಮೇಲೆ ನಗು ಬಂತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ, ಸಿದ್ದೇಶ ಯಾವಾಗಲೂ ಮೈಗೆ ಅಂಟುವ ಟೀ ಶರ್ಟ್ ಹಾಕುತ್ತಾನೆ ಎಂಬುದು ನೆನಪಾಯಿತು. ಮುಂದಿನ ವಾರ ಕೇಳಿಯೇಬಿಟ್ಟಳು.

“ಸರ್, ಕಾಲರ್ ಇಲ್ಲದವ್ರನ್ನ ಎಲ್ಲಿ ಹಿಡೀಬೇಕ್ರಿ?”

ಅಬ್ರಾರ ಗಲ್ಲ ಕೆರೆದುಕೊಂಡರು. “ಹಿಡೀಬಹುದು, ಬಗಲಾಗ ಕೈ ಹಾಕಿ ಹಿಡೀಬಹುದು. ಆದ್ರ ಅದಕ್ಕ ನೀವು ಇನ್ನೂ ಎರಡ್ ವರ್ಷ ತಾಲೀಮು ಮಾಡಬೇಕು.”

ಎರಡು ವರ್ಷ ಸಿದ್ದೇಶ ಕಾಯುತ್ತಾನೆಯೇ?

ಯಾರೋ ಹೇಳಿದರೆಂದು ಹಲಗೇರಿಗೆ ಹೋದಳು. ಅಲ್ಲಿ ಮೈಲಾರಪ್ಪ ಎಂಬ ಹಳೆಯ ಪೈಲವಾನ, ಊರ ಹುಡುಗಿಯರಿಗೂ ಕುಸ್ತಿ ಕಲಿಸುತ್ತಿದ್ದ. ಅಂಜಲಿಯ ತೋಳು ಹಿಸುಕಿ ನೋಡಿ, “ಏನ್ ಉಣ್ತೀದಿ ತಂಗೀ? ಗಾಳಿ ಕುಡೀತೀದಿ ಏನ್?” ಎಂದ. ಕರಾಟೆ ಎಂದರೆ ಕುಣಿತ, ಜೂಡೋ ಎಂದರೆ ಅಂಗಿ ಹರಿಯುವ ಆಟ ಎಂಬುದು ಅವನ ಅಭಿಪ್ರಾಯ. ಸಿಕ್ಕಿಬಿದ್ದ ಕೈಯನ್ನು ಹಿಡಿದವರ ಹೆಬ್ಬೆರಳಿನ ಕಡೆಗೆ ತಿರುವಿ ಬಿಡಿಸಿಕೊಳ್ಳುವುದನ್ನು ಅವನು ಚೆನ್ನಾಗಿಯೇ ತೋರಿಸಿದ. ಆದರೆ ಬಿಡಿಸಿಕೊಂಡ ಮರುಕ್ಷಣವೇ ಎದುರಾಳಿಯ ಕಾಲಿಗೆ ಹೋಗಬೇಕು, ಕೆಡವಬೇಕು, ಮೇಲೆ ಕೂತು ಚಿತ್ ಮಾಡಬೇಕು.

“ಕಾಕಾ, ನಂಗ ಬಿಡಿಸ್ಕೊಂಡು ಹೋಗೂದು ಬೇಕಾಗೇತ್ರಿ.”

“ಬಿಡಿಸ್ಕೊಂಡು ಎಲ್ಲಿಗ್ ಹೋಕ್ಕೀ? ಹಿಡದ ಮ್ಯಾಲ ಬಿಡಬಾರ್ದು.”

ಹುಡುಗಿಯೊಬ್ಬಳು ಅವಳನ್ನು ಕೆಡವಿ ಎದೆಯ ಮೇಲೆ ಭಾರ ಹಾಕಿ ಮಲಗಿದಾಗ ಅಂಜಲಿಗೆ ಉಸಿರು ಕಟ್ಟಿತು. ಮೇಲಿರುವುದು ಆ ಹುಡುಗಿಯಲ್ಲ, ಅವನು, ಕೆಳಗಿರುವುದು ಮ್ಯಾಟಲ್ಲ, ಆ ಜಲ್ಲಿ ರಸ್ತೆ ಎಂಬ ಕಲ್ಪನೆ ಬಂತು. ಎದ್ದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು.

ಅಷ್ಟರಲ್ಲಿ ಸುದ್ದಿ ಕಿರಣಕುಮಾರರ ಕಿವಿಗೂ ಬಿದ್ದಿತ್ತು. “ಊರೂರು ತಿರಗಿ ಮಾಸ್ತರ್‌ನ್ನ ಬದಲ್ ಮಾಡಾಕತ್ತೀಯಂತ? ಮಾಡು, ಮಾಡು,” ಎಂದರು. ಅಂದಿನಿಂದ ಅವಳ ಕಡೆ ನೋಡಿ ಮಾತಾಡುವುದನ್ನು ಬಿಟ್ಟರು. ಅಂಜಲಿಗೆ ರೇಗಿಹೋಯಿತು. ಒಬ್ಬರು ಅಂದವಾಗಿ ನಿಲ್ಲು ಎನ್ನುತ್ತಾರೆ, ಒಬ್ಬರು ಎರಡು ವರ್ಷ ತಡಿ ಎನ್ನುತ್ತಾರೆ, ಇನ್ನೊಬ್ಬರು ಮೇಲೆ ಬಿದ್ದು ಮಲಗು ಎನ್ನುತ್ತಾರೆ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

“ಅದನ್ನ ಯಾರ್ನ ಕೇಳ್ತಿ? ಬಾ, ನಾ ಹಿಡೀತೇನಿ, ನೀ ಬಿಡಿಸ್ಕೋ,” ಎಂದಳು ಶಬನಮ್.

ಮಧ್ಯಾಹ್ನ ಊಟವಾದಮೇಲೆ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಇಬ್ಬರೂ ನಿಂತರು. ಶಬನಮಳಿಗೆ ಯಾವ ವಿದ್ಯೆಯೂ ಗೊತ್ತಿರಲಿಲ್ಲ, ಹಾಗಾಗಿ ಯಾವ ನಿಯಮವೂ ಗೊತ್ತಿರಲಿಲ್ಲ. ಹಿಂದಿನಿಂದ ಬಂದು ಜಡೆ ಹಿಡಿದಳು. ದುಪಟ್ಟಾ ಜಗ್ಗಿದಳು. ಎರಡೂ ತೋಳು ಸೇರಿಸಿ ಅಪ್ಪಿ ಹಿಡಿದು, “ಈಗೇನ್ ಮಾಡ್ತಿ?” ಎಂದು ನಕ್ಕಳು. ಅಂಜಲಿಗೆ ಏನೂ ಮಾಡಲಾಗಲಿಲ್ಲ.

ಆದರೂ ಮರುದಿನ ಹೋದಳು. ಅದರ ಮರುದಿನವೂ. ಮೈಲಾರಪ್ಪನ ಹೆಬ್ಬೆರಳಿನ ಉಪಾಯ ಕೆಲಸ ಮಾಡುತ್ತಿತ್ತು, ಶಬನಮಳ ಕಾಲನ್ನು ಮೊದಲು ತುಳಿದರೆ. ನೂಕಿದಾಗ ಅಬ್ರಾರ ಕಲಿಸಿದಂತೆ ಉರುಳಿ ಎದ್ದರೆ ಪೆಟ್ಟಾಗುತ್ತಿರಲಿಲ್ಲ. ತೊಂದರೆಯಿದ್ದದ್ದು ಹೊಡೆಯುವುದರಲ್ಲಿ. ಶಬನಮ್ ಗೋಣಿಚೀಲವನ್ನು ಮಡಚಿ ಮುಖದ ಮುಂದೆ ಹಿಡಿದರೆ, ಅಂಜಲಿಯ ಅಂಗೈ ಅದರ ಹತ್ತಿರ ಹೋಗಿ ಮೆಲ್ಲಗೆ ತಟ್ಟಿ ವಾಪಸು ಬರುತ್ತಿತ್ತು.

“ಇದೇನ ಇದು? ಕೂಸಿನ್ನ ಮಲಗಸಾಕತ್ತೀ ಏನ?”

“ಆಗವಲ್ದು ಅಕ್ಕಾ! ಕೈ ತಾನ ನಿಲ್ತೇತಿ!” ಅಂಜಲಿ ಕಿರುಚಿದಳು.

“ಇದಕ್ಕ ಹೊಡಿ,” ಎಂದು ಶಬನಮ್ ಗೋಡೆಗೆ ಒರಗಿಸಿದ್ದ ತುಂಬಿದ ಮೆಣಸಿನಕಾಯಿ ಚೀಲ ತೋರಿಸಿದಳು. ಅಂಜಲಿ ಹೊಡೆದಳು. ಚೀಲದ ಸಂದಿನಿಂದ ಕೆಂಪು ಧೂಳು ಬುಸ್ಸೆಂದು ಎದ್ದಿತು. ಇಬ್ಬರೂ ಕೆಮ್ಮಿ, ಸೀನಿ, ಕಣ್ಣು ಮೂಗು ಒರೆಸಿಕೊಳ್ಳುತ್ತ ನಲ್ಲಿಯ ಹತ್ತಿರ ಓಡಿದರು. ಆಮೇಲೆ ಜೋಳದ ಹೊಟ್ಟು ತುಂಬಿದ ಚೀಲ ತಂದುಕೊಂಡರು. ಅದಕ್ಕೆ ಹೊಡೆದು ಹೊಡೆದು, ಕೈಯನ್ನು ಚೀಲದ ಆಚೆ ಬದಿಗೆ ಕಳಿಸುವ ಯೋಚನೆ ಮಾಡಿ ಹೊಡೆದು, ಒಂದು ದಿನ ಶಬನಮ್ ಹಿಡಿದ ಗೋಣಿಗೆ ಎಷ್ಟು ಬಲವಾಗಿ ಬಾರಿಸಿದಳೆಂದರೆ ಶಬನಮ್ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕೂತುಬಿಟ್ಟಳು.

“ಯಾ ಅಲ್ಲಾ,” ಎಂದು ಮೂಗು ಮುಟ್ಟಿ ನೋಡಿಕೊಂಡಳು. “ಈಗ ಬಂತು ನೋಡು.”

ಮಳೆಗಾಲ ಮುಗಿಯುತ್ತ ಬಂದಾಗ ಸಿದ್ದೇಶ ಮತ್ತೆ ಬರತೊಡಗಿದ. ಬಾಳಕೃಷ್ಣರನ್ನು ಕೇಳಿದರೆ, “ಮಾಲು ಅವರ್ದು ಅದ, ಒಳಗ ಬರಬ್ಯಾಡ ಅಂತ ಹೆಂಗನ್ನಲಿ?” ಎಂದರು. ಮೊದಮೊದಲು ಅವನು ತಲೆ ತಗ್ಗಿಸಿ ಬಂದು ಹೋದ. ಯಾರೂ ಏನೂ ಅನ್ನದೇ ಇದ್ದುದನ್ನು ಕಂಡು ಧೈರ್ಯ ಬಂತು.

ಮೋಡ ಕವಿದ ಒಂದು ಸಂಜೆ, ಅದೇ ಗೋಡೆಯ ಪಕ್ಕ. ಈ ಸಲ ಬೈಕಿನ ಸದ್ದು ಕೇಳಿಸಲಿಲ್ಲ. ಲಾರಿಯೊಂದರ ಹಿಂದಿನಿಂದ ನಡೆದುಕೊಂಡು ಬಂದ. ಹಿಂದಿನಿಂದ ಅವಳ ತೋಳು ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಲು ಬಂದ.

“ಮಾಮಾಗ ಚಾಡಿ ಹೇಳ್ತೀ ಏನ?”

ಕಲಿತದ್ದೆಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಕರಾಟೆಯ ವರಸೆ ಇಲ್ಲ, ಕುಸ್ತಿಯ ಪಟ್ಟು ಇಲ್ಲ. ಹೊಟ್ಟೆಯ ತಳದಿಂದ ಒಂದು ಕೂಗು ಹೊರಟಿತು, ತನ್ನದೇ ಎಂದು ಗುರುತು ಸಿಗದಂಥ ಒರಟು ಕೂಗು. ಹಿಮ್ಮಡಿ ಅವನ ಪಾದದ ಮೇಲೆ ಬಿತ್ತು. ಹಿಡಿತ ಸಡಿಲವಾದಾಗ ತೋಳನ್ನು ಹೆಬ್ಬೆರಳ ಕಡೆಗೆ ಕಿತ್ತು ತಿರುಗಿದಳು, ಅಂಗೈ ಮುಂದಕ್ಕೆ ಹೋಯಿತು. ನಿಲ್ಲಲಿಲ್ಲ. ಮೂಗಿನ ಮೆತ್ತನೆಯ ಎಲುಬು ಅಂಗೈಗೆ ತಾಗಿ ಒಳಗೆ ಹೋದದ್ದು ಅವಳಿಗೆ ತಿಳಿಯಿತು.

ಸಿದ್ದೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಾಗಿದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವನ ತಲೆ ಒದೆಯಲೆಂದೇ ಇಟ್ಟಂತೆ ಅವಳ ಮುಂದಿತ್ತು. ಇಷ್ಟು ತಿಂಗಳು ಅವಳು ಕನಸಿನಲ್ಲಿ ಕಂಡದ್ದು ಇದನ್ನೇ. ಅಂಜಲಿಯ ಮೈ ತಿರುಗಿತು, ಮತ್ತು ಓಡಿತು. ಚಪ್ಪಲಿ ಕಳಚಿ ಬಿತ್ತು. ಕೂಗುತ್ತ ಓಡಿದಳು. ತೂಕದ ಕಟ್ಟೆಯ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದ ಹಮಾಲರ ನಡುವೆ ನುಗ್ಗಿ, ಅವರಲ್ಲಿ ಹಿರಿಯನಾದ ಚನ್ನೇಶನ ಅಂಗಿ ಹಿಡಿದು ನಿಂತಳು. ಕೈಯಿಂದ ಹಿಂದೆ ತೋರಿಸಿದಳು. ಅವರು ಓಡಿದರು. ಲಾರಿಯ ಹಿಂದೆ ನಿಲ್ಲಿಸಿದ್ದ ಬೈಕ್ ಹತ್ತಲು ನೋಡುತ್ತಿದ್ದ ಸಿದ್ದೇಶನನ್ನು ಹಿಡಿದು ಕೂರಿಸಿದರು.

ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಶಬನಮಳ ಜೊತೆ ನೇರ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಬರೆಸಿದಳು. ಫೆಬ್ರುವರಿಯ ಸಂಗತಿಯನ್ನೂ ಸೇರಿಸಿದಳು. ಚನ್ನೇಶ ಕಣ್ಣಾರೆ ಕಂಡದ್ದನ್ನು ಹೇಳಿದ. ಸಿದ್ದೇಶನ ಮಾವ ಬಂದು ರಾಜಿ ಮಾಡಿಕೊಳ್ಳೋಣ ಎಂದ. ಬಾಳಕೃಷ್ಣ ಹೊರಗೆ ಕಾರಿನಲ್ಲಿ ಕೂತು ಫೋನ್ ಮೇಲೆ ಫೋನ್ ಮಾಡಿದರು. ಅಂಜಲಿ ಫೋನನ್ನು ಶಬನಮಳ ಕೈಗೆ ಕೊಟ್ಟುಬಿಟ್ಟಳು. ಕೇಸು ದಾಖಲಾಯಿತು. ಸಿದ್ದೇಶ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಮಾವ ಅವನನ್ನು ಅಂಗಡಿಯಿಂದ ದೂರ ಇಟ್ಟ. ಕೋರ್ಟಿನಲ್ಲಿ ಇನ್ನೂ ತಾರೀಖುಗಳು ಬೀಳುತ್ತಿವೆ.

ಎಲ್ಲರೂ ಶಭಾಷ್ ಅಂದರು. ಬೀಜದ ಕಂಪನಿಯಲ್ಲಿ ಹೊಳಿಯವ್ವ, ತನ್ನ ಮಗಳು ಒಂದೇ ಏಟಿಗೆ ಮೂಗು ಮುರಿದಳೆಂದು ಹೇಳಿಕೊಂಡು ತಿರುಗಿದಳು. ಅಂಜಲಿಗೆ ಮಾತ್ರ ಎದೆಯಲ್ಲಿ ಕಲ್ಲು ಇಟ್ಟಂತೆಯೇ ಇತ್ತು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತು ಹೇಳಿದಳು:

“ಯವ್ವಾ, ನಾ ಓಡಿದ್ನಿ.”

“ಓಡದ ಏನ್ ಮಾಡ್ತಿದ್ದಿ? ಅಲ್ಲೇ ನಿಂತು ಆರತಿ ಎತ್ತತಿದ್ದೀ?”

“ಒದೀಬಹುದಾಗಿತ್ತು. ಅಷ್ಟ್ ವರ್ಷ ಕಲತೇನಿ. ಅಂವ ಬಗ್ಗಿದ್ದ. ನಾ ಹೆದರಿದ್ನಿ ಅಂತ ಓಡಿದ್ನಿ. ಗೆದ್ದಂಗ ಅನಸವಲ್ದು.”

ಹೊಳಿಯವ್ವ ರೊಟ್ಟಿ ತಿರುವಿ ಹಾಕಿದಳು. “ನೀ ಮನೀಗೆ ಬಂದೀದಿ. ನಂಗ ಅಷ್ಟು ಸಾಕು,” ಎಂದಳು. ಅಂಜಲಿಗೆ ಅಷ್ಟು ಸಾಕಾಗಲಿಲ್ಲ.

ಕಿರಣಕುಮಾರ ಸರ್ ಕ್ಲಾಸಿನ ಮುಂದೆ ಬ್ಯಾನರು ಕಟ್ಟಿಸಿದ್ದರು. ಬೆಳ್ಳಿ ಪದಕದ ದಿನದ ಹಳೆಯ ಫೋಟೋ. ಕೆಳಗೆ, ‘ಪುಂಡನಿಗೆ ಪಾಠ ಕಲಿಸಿದ ನಮ್ಮ ಹೆಮ್ಮೆಯ ಶಿಷ್ಯೆ. ಪ್ರವೇಶ ಆರಂಭವಾಗಿದೆ.’ ಬಸ್ಸಿನಿಂದ ಇಳಿದವಳು ಅದನ್ನು ನೋಡಿ ಸೀದಾ ಒಳಗೆ ಹೋದಳು. ಹೊಸದಾಗಿ ಸೇರಿಸಲು ಬಂದ ತಂದೆತಾಯಿಗಳು ಕುರ್ಚಿಗಳಲ್ಲಿ ಕೂತಿದ್ದರು.

“ಬಂದ್ಲು ನೋಡ್ರಿ,” ಎಂದು ಸರ್ ಎದ್ದು ನಿಂತರು. “ಏನ್ ಮಾಡಿದಿ, ನೀನ ಹೇಳವಾ.”

“ಕೂಗಿದ್ನಿ, ಕಾಲ್ ತುಳದ್ನಿ, ಮೂಗಿಗೆ ಒಂದ್ ಕೊಟ್ನಿ, ಓಡಿ ಹೋದ್ನಿ,” ಎಂದಳು ಅಂಜಲಿ. “ಇಲ್ಲಿ ಕಲತ ಒದೆತಾ ಮೊದ್ಲ ಸಲ ಒದ್ದಾಗ ಕೈ ಮುರಕೊಂಡೇನಿ. ಬ್ಯಾನರ್ ಬಿಚ್ಚಸ್ರಿ ಸರ್.”

ಒಬ್ಬ ತಂದೆ ಪಕ್ಕದವನಿಗೆ, “ಓಡಾಕ ಫೀ ಯಾಕ ಕೊಡಬೇಕು?” ಎಂದದ್ದು ಎಲ್ಲರಿಗೂ ಕೇಳಿಸಿತು. ಸರ್ ಅವಳನ್ನು ಹೊರಗೆ ಕರೆದುಕೊಂಡು ಹೋದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದಳು. ಅವರು ತಲೆಯೆತ್ತಿ ಬ್ಯಾನರು ನೋಡಿದರು.

“ನನ್ನ ಯಾರೂ ಖರೇಖರೇ ಹಿಡದಿಲ್ಲ ಅಂಜಲಿ, ಇವತ್ತಿನ ತನಕ,” ಎಂದರು. “ನಂಗ ಬಂದದ್ದು ನಾ ಕಲಿಸೇನಿ.” ಮರುದಿನ ಬ್ಯಾನರು ಇರಲಿಲ್ಲ. ನೀನು ಕಲಿತದ್ದನ್ನು ನೀನೇ ಕಲಿಸು, ಭಾನುವಾರ ಬೆಳಗಿನ ಹೊತ್ತು ಕ್ಲಾಸಿನ ಜಾಗ ಬಿಟ್ಟುಕೊಡುತ್ತೇನೆ ಎಂದು ಸುದ್ದಿ ಕಳಿಸಿದರು. ತಾವು ಮಾತ್ರ ಬರಲಿಲ್ಲ.

ಮೊದಲ ಭಾನುವಾರ ಬಂದವರು ಹೊಳಿಯವ್ವನ ಕಂಪನಿಯ ಐದಾರು ಹೆಂಗಸರು, ಕಾಲೇಜಿನ ಇಬ್ಬರು ಹುಡುಗಿಯರು, ಬ್ಯಾಡಗಿಯಿಂದ ಬಸ್ಸಿನಲ್ಲಿ ಬಂದ ಶಬನಮ್. ಅಂಜಲಿ ಅವರನ್ನು ಸಾಲಾಗಿ ನಿಲ್ಲಿಸಿದಳು.

“ಮೊದ್ಲ ಕೂಗೂದು. ಜೋರಾಗಿ. ‘ಬಿಡು’ ಅಂತ.”

ಯಾರ ಬಾಯಿಂದಲೂ ಶಬ್ದ ಹೊರಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಇನ್ನೊಮ್ಮೆ ಎಂದಾಗ ‘ಬಿಡ್ರಿ’ ಎಂದು ಒಬ್ಬಾಕೆ, ಯಾರದೋ ಮನೆಯ ಬಾಗಿಲಲ್ಲಿ ನಿಂತು ಕೇಳಿದಂತೆ, ಮೆತ್ತಗೆ ಅಂದಳು.

“‘ರಿ’ ಬ್ಯಾಡ!” ಅಂಜಲಿ ಚೀರಿದಳು. “ಮೈಮ್ಯಾಲ ಬಂದಾಂವಗ ‘ರಿ’ ಯಾಕ ಹಚ್ಚತೀರಿ?”

“ರೂಢಿ ಆಗೇತವಾ,” ಎಂದಳು ಆಕೆ, ನಿಜವಾಗಿಯೂ ನೊಂದುಕೊಂಡು.

ಶಬನಮ್ ನಕ್ಕಳು. ಹುಡುಗಿಯರೂ ನಕ್ಕರು. ಅಂಜಲಿಗೆ ನಗು ಬರಲಿಲ್ಲ. ಸಿಟ್ಟಿನಿಂದ ಕಿವಿ ಬಿಸಿಯಾಗಿದ್ದವು. ಹಣೆಯ ಬೆವರು ಒರೆಸಿಕೊಂಡು ಮತ್ತೆ ಅವರೆದುರು ನಿಂತಳು.

“ಇನ್ನೊಮ್ಮೆ,” ಎಂದಳು.